ಲೋಡ್ ಬಿದ್ದಾಗ ನಿಂತುಬಿಡುವ ಲಿನಕ್ಸ್ ನೆಟ್‌ವರ್ಕ್ ಡ್ರೈವರ್: ಎಲ್ಲಿಂದ ಹುಡುಕಲಿಕ್ಕೆ ಶುರು ಮಾಡುವುದು?

ಮಣಿಪಾಲದಿಂದ ನೀವು ಕೇಳಿದ್ದು ಇಷ್ಟು: ಆರ್ಮ್ ಬೋರ್ಡಿನ ಗಿಗಾಬಿಟ್ ಈಥರ್ನೆಟ್‌ಗೆ ನೀವೇ ಬರೆದ ಡ್ರೈವರ್ ಪಿಂಗ್, ಎಸ್‌ಎಸ್‌ಎಚ್ ಎಲ್ಲ ಸರಿಯಾಗಿ ಮಾಡ್ತದೆ. ನೆಟ್‌ವರ್ಕಿಗೆ ಲೋಡ್ ಹಾಕಿ ವೇಗ ಅಳೆಯುವ ಐಪರ್ಫ್3 ಓಡಿಸಿದರೆ ಕೆಲವು ನಿಮಿಷಕ್ಕೆ ನಿಲ್ತದೆ, ಕರ್ನಲ್ ಲಾಗಿನಲ್ಲಿ ‘ಟ್ರಾನ್ಸ್‌ಮಿಟ್ ಕ್ಯೂ 0 ಟೈಮ್ಡ್ ಔಟ್’ ಅಂತ ಬರ್ತದೆ. ಇಂಟರ್‌ಫೇಸ್ ಇಳಿಸಿ ಏರಿಸಿದರೆ ಮತ್ತೆ ಓಡ್ತದೆ. ಕರ್ನಲ್ ಲಾಗಿಗೆ ಸಾಲು ಬರೆಯುವ ಪ್ರಿಂಟ್‌ಕೆ ಸೇರಿಸಿದರೆ ತೊಂದರೆಯೇ ಕಾಣುವುದಿಲ್ಲ. ಟಿಎಕ್ಸ್ ರಿಂಗಿನಲ್ಲಿ, ಅಂದರೆ ಕಳಿಸುವ ಪ್ಯಾಕೆಟುಗಳ ಸುತ್ತುಪಟ್ಟಿಯಲ್ಲಿ, 256 ಡಿಸ್ಕ್ರಿಪ್ಟರ್ (ಪ್ಯಾಕೆಟ್ ಎಲ್ಲಿದೆ, ಎಷ್ಟು ಉದ್ದ ಎಂದು ಹಾರ್ಡ್‌ವೇರಿಗೆ ಹೇಳುವ ನಮೂದು) ಉಂಟು.

ಪ್ರಿಂಟ್‌ಕೆ ಬಗ್ಗೆ ಹೇಳಿದ್ದು ದೊಡ್ಡ ಸುಳಿವು. 115200 ಬಾಡ್‌ನ ಸೀರಿಯಲ್ ಕನ್ಸೋಲಿಗೆ 80 ಅಕ್ಷರದ ಒಂದು ಸಾಲು ಹೋಗಲಿಕ್ಕೆ ಸುಮಾರು 7 ಮಿಲಿಸೆಕೆಂಡ್ ಬೇಕು. ಅಷ್ಟು ಹೊತ್ತಿನಲ್ಲಿ ಗಿಗಾಬಿಟ್ ತಂತಿಯಲ್ಲಿ ಪೂರ್ಣ ಗಾತ್ರದ 550ಕ್ಕೂ ಹೆಚ್ಚು ಪ್ಯಾಕೆಟ್ ಹೋಗ್ತವೆ, ಅಂದರೆ ನಿಮ್ಮ ಇಡೀ ರಿಂಗು ಎರಡು ಸುತ್ತು ಖಾಲಿಯಾಗುವಷ್ಟು. ಹಾಗಾಗಿ ಪ್ರಿಂಟ್‌ಕೆ ಇದ್ದಾಗ ನಿಮ್ಮ ಡ್ರೈವರ್ ಲೋಡಿನಲ್ಲಿ ಓಡ್ತಾನೇ ಇಲ್ಲ. ಪ್ಯಾಕೆಟ್ ಹೋಗುವ ದಾರಿಯಲ್ಲಿ ಅದನ್ನು ಪೂರ್ತಿ ತೆಗೆದುಹಾಕಿ, ಬದಲಿಗೆ ಟ್ರೇಸ್_ಪ್ರಿಂಟ್‌ಕೆ ಬಳಸಿ. ಅದು ಮೆಮೊರಿಯ ಬಫರಿಗೆ ಮಾತ್ರ ಬರೀತದೆ.

ಇನ್ನು ಆ ಟೈಮ್ಡ್ ಔಟ್ ಸಂದೇಶ. ಲಿಂಕ್ ಇದ್ದೂ ಕ್ಯೂ ನಿಂತಿದ್ದರೆ, ನಿಂತು 5 ಸೆಕೆಂಡ್ ಆದರೂ ಹೊಸ ಪ್ಯಾಕೆಟ್ ಹೋಗದಿದ್ದರೆ ಕರ್ನಲ್ ಅದನ್ನು ಹಾಕ್ತದೆ. ಡ್ರೈವರ್ ಬೇರೆ ಅವಧಿ ಕೊಡದಿದ್ದರೆ 5 ಸೆಕೆಂಡ್. ಹಾರ್ಡ್‌ವೇರ್ ಸತ್ತಿದೆ ಎಂದು ಅದರ ಅರ್ಥ ಅಲ್ಲ. ಯಾರೋ ಕ್ಯೂ ನಿಲ್ಲಿಸಿದರು, ಎಬ್ಬಿಸಬೇಕಾದವರು ಎಬ್ಬಿಸಲಿಲ್ಲ, ಅಷ್ಟೆ. ಆದ್ದರಿಂದ ಕೋಡ್ ಮುಟ್ಟುವ ಮೊದಲು, ಯಾರು ಯಾರಿಗಾಗಿ ಕಾಯ್ತಾ ಇದ್ದಾರೆ ಎಂದು ಗೊತ್ತು ಮಾಡಿಕೊಳ್ಳಿ. ಇಂಟರ್‌ಫೇಸ್ ಇಳಿಸಿ ಏರಿಸಿದ ಕೂಡಲೇ ಆ ಸಾಕ್ಷಿಯೆಲ್ಲ ಅಳಿಸಿಹೋಗ್ತದೆ.

ಟೈಮ್ಡ್ ಔಟ್ ಆದಾಗ ಕರ್ನಲ್ ಕರೆಯುವ ನಿಮ್ಮ ಎನ್‌ಡಿಒ_ಟಿಎಕ್ಸ್_ಟೈಮ್‌ಔಟ್ ಫಂಕ್ಷನ್ನಿನಲ್ಲಿ ಸದ್ಯಕ್ಕೆ ರಿಸೆಟ್ ತೆಗೆದುಬಿಡಿ. ಮೊದಲು ಟ್ರೇಸ್ ನಿಲ್ಲಿಸುವ ಟ್ರೇಸಿಂಗ್_ಆಫ್ ಕರೆಯಿರಿ. ಮತ್ತೆ ಇಷ್ಟನ್ನು ಪ್ರಿಂಟ್ ಮಾಡಿ: ಹೆಡ್ (ಡ್ರೈವರ್ ಮುಂದಿನ ಪ್ಯಾಕೆಟ್ ಹಾಕುವ ಜಾಗ), ಟೇಲ್ (ಕಳಿಸಿ ಮುಗಿದದ್ದನ್ನು ಮುಂದೆ ತೆರವು ಮಾಡುವ ಜಾಗ), ಹಾರ್ಡ್‌ವೇರ್ ಈಗ ಯಾವ ಡಿಸ್ಕ್ರಿಪ್ಟರ್ ಹತ್ತಿರ ಉಂಟು, ಟೇಲ್ ಡಿಸ್ಕ್ರಿಪ್ಟರಿನ ಓನ್ ಬಿಟ್ (ಅದು ಈಗ ಹಾರ್ಡ್‌ವೇರಿನದ್ದೋ ಡ್ರೈವರಿನದ್ದೋ ಎಂದು ಹೇಳುವ ಬಿಟ್), ಇಂಟರಪ್ಟ್ ಸ್ಟೇಟಸ್ ಮತ್ತು ಮಾಸ್ಕ್ (ಇಂಟರಪ್ಟ್ ತಡೆದಿಡುವ ರಿಜಿಸ್ಟರ್), ನ್ಯಾಪಿ (ಇಂಟರಪ್ಟ್ ಬಂದ ಮೇಲೆ ಪೋಲ್ ಫಂಕ್ಷನ್ ಓಡಿಸಿ ಪ್ಯಾಕೆಟ್ ನೋಡುವ ಕರ್ನಲ್ ವ್ಯವಸ್ಥೆ) ಶೆಡ್ಯೂಲ್ ಆಗಿದೆಯೋ ಇಲ್ಲವೋ. ಹೇಗೂ ಎಲ್ಲ ನಿಂತಾಗಿದೆ, ಇಲ್ಲಿ ಪ್ರಿಂಟ್‌ಕೆ ಹಾಕಿದರೆ ತೊಂದರೆಯಿಲ್ಲ. ಟ್ರೇಸಿನಲ್ಲಿ ಐಆರ್‌ಕ್ಯೂ_ಹ್ಯಾಂಡ್ಲರ್_ಎಂಟ್ರಿ, ನ್ಯಾಪಿ_ಪೋಲ್, ನೆಟ್_ಡೆವ್_ಸ್ಟಾರ್ಟ್_ಎಕ್ಸ್‌ಮಿಟ್ ಎಂಬ ಮೂರು ಈವೆಂಟ್ ಸಾಕು. ಐಆರ್‌ಕ್ಯೂ ಈವೆಂಟಿಗೆ ನಿಮ್ಮ ಇಂಟರಪ್ಟ್ ನಂಬರಿನ ಫಿಲ್ಟರ್ ಹಾಕಲೇಬೇಕು. ಇಲ್ಲದಿದ್ದರೆ ಆ 5 ಸೆಕೆಂಡಿನಲ್ಲಿ ಬೇರೆ ಇಂಟರಪ್ಟ್‌ಗಳೇ ಬಫರ್ ತುಂಬಿಸಿ, ನಿಮಗೆ ಬೇಕಾದ ಕೊನೆಯ ಸಾಲುಗಳನ್ನು ಅಳಿಸಿಬಿಡ್ತವೆ.

ಈಗ ಆ ಅಂಕಿಗಳನ್ನು ಓದುವ ಕ್ರಮ. ಹೆಡ್ ಮತ್ತು ಟೇಲ್ ಒಂದೇ ಆಗಿದ್ದು, ರಿಂಗು ಖಾಲಿಯಿದ್ದೂ ಕ್ಯೂ ನಿಂತಿದ್ದರೆ ಅದು ಸ್ಟಾಪ್ ಮತ್ತು ವೇಕ್ ನಡುವಿನ ರೇಸ್, ಅಂದರೆ ಯಾವುದು ಮೊದಲು ಆಗ್ತದೆ ಎಂಬುದರ ಮೇಲೆ ನಿಂತ ತಪ್ಪು. ನೀವು ಹೇಳಿದ ಲಕ್ಷಣಕ್ಕೆ ನನಗೆ ಇದರ ಮೇಲೆಯೇ ಹೆಚ್ಚು ಅನುಮಾನ. ಆಗುವುದು ಹೀಗೆ: ಪ್ಯಾಕೆಟ್ ಕಳಿಸುವ ಎಕ್ಸ್‌ಮಿಟ್ ಫಂಕ್ಷನ್ ನೋಡುವಾಗ ರಿಂಗಿನಲ್ಲಿ ಜಾಗ ಇರುವುದಿಲ್ಲ. ಅದು ಕ್ಯೂ ನಿಲ್ಲಿಸುವ ಮೊದಲೇ ಇನ್ನೊಂದು ಸಿಪಿಯುವಿನಲ್ಲಿ ಕಂಪ್ಲೀಷನ್ (ಕಳಿಸಿ ಮುಗಿದದ್ದನ್ನು ತೆರವು ಮಾಡುವ ಕೆಲಸ) ಬಂದು ಇಡೀ ರಿಂಗು ಖಾಲಿ ಮಾಡ್ತದೆ. ಕ್ಯೂ ಇನ್ನೂ ನಿಂತಿಲ್ಲವಾದ್ದರಿಂದ ಅದು ಎಬ್ಬಿಸದೆ ಹೋಗ್ತದೆ. ಆಮೇಲೆ ಎಕ್ಸ್‌ಮಿಟ್ ಕ್ಯೂ ನಿಲ್ಲಿಸ್ತದೆ. ರಿಂಗಿನಲ್ಲಿ ಏನೂ ಇಲ್ಲ, ಇನ್ನು ಕಂಪ್ಲೀಷನ್ ಇಂಟರಪ್ಟ್ ಬರುವುದೂ ಇಲ್ಲ. ಸಿಟಿ ಬಸ್ಸು ಸ್ಟಾಪಿನಲ್ಲಿ ನಿಲ್ಲುವ ಮೊದಲೇ ಕಂಡಕ್ಟರ್ ‘ರೈಟ್’ ಅಂದು, ಡ್ರೈವರ್ ನಿಲ್ಲಿಸಿದ ಮೇಲೆ ಇನ್ನೊಂದು ‘ರೈಟ್’ಗೆ ಕಾದು ಕೂತ ಹಾಗೆ.

ಸರಿ ಮಾಡುವ ಕ್ರಮ ಒಂದೇ, ಎರಡೂ ಕಡೆ ಬೇಕು. ಎಕ್ಸ್‌ಮಿಟ್‌ನಲ್ಲಿ ನೆಟಿಫ್_ಸ್ಟಾಪ್_ಕ್ಯೂ, ನಂತರ ಎಸ್‌ಎಂಪಿ_ಎಂಬಿ (ಮೆಮೊರಿಯ ಓದು-ಬರಹದ ಕ್ರಮ ತಪ್ಪದಂತೆ ತಡೆಯುವ ಬ್ಯಾರಿಯರ್), ನಂತರ ಜಾಗವನ್ನು ಇನ್ನೊಮ್ಮೆ ನೋಡಿ, ಸಿಕ್ಕಿದರೆ ತಕ್ಷಣ ನೆಟಿಫ್_ಸ್ಟಾರ್ಟ್_ಕ್ಯೂ. ಕಂಪ್ಲೀಷನ್ ಕಡೆ ಟೇಲ್ ಮುಂದಕ್ಕೆ ಹಾಕಿ, ಎಸ್‌ಎಂಪಿ_ಎಂಬಿ, ನಂತರ ಕ್ಯೂ ನಿಂತಿದೆಯೇ ಮತ್ತು ಜಾಗ ಸಾಕಷ್ಟು ಉಂಟೇ ಎಂದು ನೋಡಿ ನೆಟಿಫ್_ವೇಕ್_ಕ್ಯೂ. ಇಬ್ಬರೂ ತಮ್ಮದನ್ನು ಬರೆದು ಇನ್ನೊಬ್ಬರದ್ದನ್ನು ಓದುವುದರಿಂದ ಒಂದು ಕಡೆಯ ಬ್ಯಾರಿಯರ್ ಮಾತ್ರ ಸಾಲುವುದಿಲ್ಲ. ಬರೆದದ್ದು ಹೊರಗೆ ಕಾಣುವ ಮೊದಲೇ ಮುಂದಿನ ಓದು ನಡೆದುಹೋಗುವುದು ಎಕ್ಸ್86ನಲ್ಲೂ ಉಂಟು, ಆರ್ಮ್‌ನಲ್ಲಂತೂ ಕೇಳುವುದೇ ಬೇಡ.

ನಿಲ್ಲಿಸುವ ಮಿತಿಯನ್ನೂ ನೋಡಿ. ಒಂದು ಎಸ್‌ಕೆಬಿಯಲ್ಲಿ (ಕರ್ನಲ್ ಪ್ಯಾಕೆಟ್ ಇಡುವ ರಚನೆ) ಸಾಮಾನ್ಯವಾಗಿ 17 ಫ್ರಾಗ್‌ಮೆಂಟ್, ಅಂದರೆ ತುಂಡು, ತನಕ ಬರಬಹುದು, ಲೀನಿಯರ್ ಭಾಗ ಸೇರಿ 18 ಡಿಸ್ಕ್ರಿಪ್ಟರ್. ಈ ಪ್ಯಾಕೆಟ್ ಹಾಕಿದ ಮೇಲೆ 18ಕ್ಕಿಂತ ಕಡಿಮೆ ಉಳಿದರೆ ಆಗಲೇ ನಿಲ್ಲಿಸಿ. ಮುಂದಿನ ಪ್ಯಾಕೆಟ್ ಬಂದ ಮೇಲೆ ಟಿಎಕ್ಸ್_ಬ್ಯುಸಿ ಎಂದು ವಾಪಸು ಕಳಿಸುವುದು ಸರಿಯಲ್ಲ. ಎಬ್ಬಿಸುವ ಮಿತಿ ಇನ್ನೂ ಮೇಲಿರಲಿ, ನಿಮ್ಮ ರಿಂಗಿಗೆ 64 ಆದೀತು.

ರಿಂಗಿನಲ್ಲಿ ಡಿಸ್ಕ್ರಿಪ್ಟರ್ ಉಂಟು, ಹಾರ್ಡ್‌ವೇರ್ ಓನ್ ಬಿಟ್ ವಾಪಸು ಕೊಟ್ಟಿದೆ, ಆದರೆ ನ್ಯಾಪಿ ಮಲಗಿದೆ ಅಂತಾದರೆ ಕಂಪ್ಲೀಷನ್ ಇಂಟರಪ್ಟ್ ಕಳೆದುಹೋಗಿದೆ. ಇಲ್ಲಿ ಹೆಚ್ಚಿನವರು ಎಡವುವುದು ಸ್ಟೇಟಸ್ ಅಳಿಸುವ ಕ್ರಮದಲ್ಲಿ. ಸ್ಟೇಟಸ್ ಮೊದಲು ಅಳಿಸಿ, ರಿಂಗು ಆಮೇಲೆ ನೋಡಬೇಕು. ಉಲ್ಟಾ ಮಾಡಿದರೆ, ನೀವು ರಿಂಗು ನೋಡಿ ಮುಗಿಸಿ ಸ್ಟೇಟಸ್ ಅಳಿಸುವ ನಡುವೆ ಮುಗಿದ ಪ್ಯಾಕೆಟಿನ ಬಿಟ್ಟೂ ಅಳಿಸಿಹೋಗ್ತದೆ. ಎಡ್ಜ್ ಇಂಟರಪ್ಟ್ (ಸಿಗ್ನಲ್ ಬದಲಾದ ಕ್ಷಣದಲ್ಲಿ ಮಾತ್ರ ಬರುವಂಥದ್ದು) ಆದರೆ ಇನ್ನೂ ಒಂದು ಹೆಜ್ಜೆ ಬೇಕು: ನ್ಯಾಪಿ_ಕಂಪ್ಲೀಟ್_ಡನ್ ಆಗಿ ಮಾಸ್ಕ್ ತೆರೆದ ಮೇಲೆ ಸ್ಟೇಟಸ್ ಮತ್ತೊಮ್ಮೆ ಓದಿ, ಏನಾದರೂ ಉಳಿದಿದ್ದರೆ ಮಾಸ್ಕ್ ಮುಚ್ಚಿ ನ್ಯಾಪಿಯನ್ನು ಪುನಃ ಶೆಡ್ಯೂಲ್ ಮಾಡಿ.

ಮಾಸ್ಕ್ ಮುಚ್ಚಿಯೇ ಉಳಿದಿದ್ದು ನ್ಯಾಪಿಯೂ ಮಲಗಿದ್ದರೆ ತಪ್ಪು ಪೋಲ್ ಫಂಕ್ಷನ್ನಿನಲ್ಲೇ. ನಿಯಮ ಸರಳ: ಪೂರ್ತಿ ಬಜೆಟ್ (ಒಂದು ಸುತ್ತಿಗೆ ನೋಡಬಹುದಾದ ಪ್ಯಾಕೆಟುಗಳ ಮಿತಿ), ಅಂದರೆ ಸಾಮಾನ್ಯವಾಗಿ 64, ಖರ್ಚಾದರೆ ಕಂಪ್ಲೀಟ್ ಕರೆಯದೆ ಬಜೆಟನ್ನೇ ಹಿಂದಿರುಗಿಸಿ. ಅದಕ್ಕಿಂತ ಕಡಿಮೆ ಕೆಲಸ ಆಗಿದ್ದರೆ ಮಾತ್ರ ಕಂಪ್ಲೀಟ್ ಮಾಡಿ ಮಾಸ್ಕ್ ತೆರೆಯಿರಿ. ಪಿಂಗ್‌ನಲ್ಲಿ ಒಂದು ಸುತ್ತಿಗೆ 64 ಪ್ಯಾಕೆಟ್ ಬರುವುದೇ ಇಲ್ಲ, ಹಾಗಾಗಿ ಈ ತಪ್ಪು ಲೋಡಿನಲ್ಲಿ ಮಾತ್ರ ಹೊರಗೆ ಬರ್ತದೆ.

ಓನ್ ಬಿಟ್ ಇನ್ನೂ ಹಾರ್ಡ್‌ವೇರಿನ ಹತ್ತಿರವೇ ಇದ್ದು ಅದು ಸುಮ್ಮನೆ ಕೂತಿದ್ದರೆ ಎರಡು ಸಾಧ್ಯತೆ. ಒಂದು ಬ್ಯಾರಿಯರ್. ಅಡ್ರೆಸ್, ಉದ್ದ ಎಲ್ಲ ಬರೆದು, ಡಿಎಂಎ_ಡಬ್ಲ್ಯುಎಂಬಿ ಹಾಕಿ, ಕೊನೆಗೆ ಓನ್ ಬಿಟ್ ಕೊಡಬೇಕು. ಹಲವು ಫ್ರಾಗ್‌ಮೆಂಟ್ ಇದ್ದರೆ ಮೊದಲ ಡಿಸ್ಕ್ರಿಪ್ಟರಿನ ಓನ್ ಬಿಟ್ ಎಲ್ಲಕ್ಕಿಂತ ಕೊನೆಗೆ. ಹೊಸ ಕೆಲಸ ಉಂಟೆಂದು ಹಾರ್ಡ್‌ವೇರಿಗೆ ತಿಳಿಸುವ ಡೋರ್‌ಬೆಲ್ ರಿಜಿಸ್ಟರಿಗೆ ರೈಟ್‌ಎಲ್_ರಿಲ್ಯಾಕ್ಸ್ಡ್ ಬಳಸಿದ್ದರೆ ಅದರ ಮುಂಚೆ ಡಬ್ಲ್ಯುಎಂಬಿ ಬೇಕು, ಬರೀ ರೈಟ್‌ಎಲ್ ಆದರೆ ಅದೇ ನೋಡಿಕೊಳ್ತದೆ. ಎರಡನೆಯದು ನಿಮ್ಮ ಕೋಡಿನದ್ದೇ ಅಲ್ಲ: ಎದುರಿನ ಸ್ವಿಚ್ಚು ಪಾಸ್ ಫ್ರೇಮ್ (ಸ್ವಲ್ಪ ಹೊತ್ತು ಕಳಿಸಬೇಡ ಎಂಬ ಸಂದೇಶ) ಕಳಿಸ್ತಾ ಇದ್ದರೂ ಹೀಗೇ ಕಾಣ್ತದೆ. ಈಥ್‌ಟೂಲಿನಲ್ಲಿ ಪಾಸ್ ಕೌಂಟರ್ ಏರ್ತಾ ಇದೆಯಾ ನೋಡಿ, ಒಮ್ಮೆ ಫ್ಲೋ ಕಂಟ್ರೋಲ್ ಮುಚ್ಚಿ ಓಡಿಸಿ. ನಮ್ಮ ಕರಾವಳಿಯ ಉಪ್ಪುಗಾಳಿಗೆ ಆರ್‌ಜೆ45 ಪಿನ್ನಿಗೆ ಕಿಲುಬು ಹಿಡಿಯುವುದೂ ಉಂಟು. ಸಿಆರ್‌ಸಿ ಎರರ್ (ತಂತಿಯಲ್ಲಿ ಕೆಟ್ಟ ಪ್ಯಾಕೆಟುಗಳ ಎಣಿಕೆ) ಏರ್ತಿದ್ದರೆ ಉಡುಪಿಯಿಂದ ಹೊಸ ಕ್ಯಾಟ್6 ಪ್ಯಾಚ್ ಕಾರ್ಡ್ ಒಂದು ತಂದು ಹಾಕಿ, ಆಮೇಲೆ ಡ್ರೈವರ್ ನೋಡಿ.

ಬಿಕ್ಯೂಎಲ್ (ಕ್ಯೂನಲ್ಲಿರುವ ಬೈಟುಗಳಿಗೆ ಮಿತಿ ಹಾಕುವ ಕರ್ನಲ್ ವ್ಯವಸ್ಥೆ) ಸೇರಿಸಿದ್ದರೆ ಸಿಸ್‌ಎಫ್‌ಎಸ್‌ನ ಟಿಎಕ್ಸ್-0 ಫೋಲ್ಡರಿನಲ್ಲಿ ಬೈಟ್_ಕ್ಯೂ_ಲಿಮಿಟ್ಸ್ ಒಳಗಿನ ಇನ್‌ಫ್ಲೈಟ್ ನೋಡಿ. ರಿಂಗು ಖಾಲಿಯಿದ್ದೂ ಅದು ಸೊನ್ನೆ ಅಲ್ಲದಿದ್ದರೆ ಲೆಕ್ಕ ತಪ್ಪಿದೆ. ಕಳಿಸಿದ್ದೆಂದು ಎಣಿಸಿದ ಮೇಲೆ ಡಿಎಂಎ ಮ್ಯಾಪಿಂಗ್ (ಹಾರ್ಡ್‌ವೇರ್ ನೇರವಾಗಿ ಓದಲಿಕ್ಕೆ ಮೆಮೊರಿಯ ವಿಳಾಸ ಕೊಡುವುದು) ಸೋತು ಪ್ಯಾಕೆಟ್ ಬಿಸಾಡಿದ ಕಡೆ ಹುಡುಕಿ. ಮುಂದೆ ಟೈಮ್‌ಔಟ್‌ನಲ್ಲಿ ರಿಸೆಟ್ ವಾಪಸು ಹಾಕುವಾಗ ನೆಟ್‌ಡೆವ್_ಟಿಎಕ್ಸ್_ರಿಸೆಟ್_ಕ್ಯೂ ಮರೆಯಬೇಡಿ.

ಟೈಮ್ಡ್ ಔಟ್ ಸಂದೇಶವೇ ಇಲ್ಲದೆ ನಿಂತರೆ ಅದು ಬೇರೆ ರೋಗ, ಆರ್‌ಎಕ್ಸ್, ಅಂದರೆ ಪ್ಯಾಕೆಟ್ ಪಡೆಯುವ ಕಡೆಯದ್ದು. ಮೆಮೊರಿ ಸಿಗದೆ ರಿಂಗಿಗೆ ಹೊಸ ಬಫರ್ ತುಂಬಲಿಕ್ಕಾಗಲಿಲ್ಲ, ಇದ್ದದ್ದು ಮುಗಿಯಿತು, ಬಫರ್ ಇಲ್ಲದೆ ಪ್ಯಾಕೆಟ್ ಇಲ್ಲ, ಪ್ಯಾಕೆಟ್ ಇಲ್ಲದೆ ಇಂಟರಪ್ಟ್ ಇಲ್ಲ. ತುಂಬಲಿಕ್ಕೆ ಆಗದಿದ್ದಾಗ ಪೋಲ್‌ನಿಂದ ಪೂರ್ತಿ ಬಜೆಟ್ ಹಿಂದಿರುಗಿಸಿ ಅಥವಾ ಟೈಮರ್ ಇಟ್ಟು ನ್ಯಾಪಿಯನ್ನು ಪುನಃ ಎಬ್ಬಿಸಿ.

ಕೊನೆಗೆ, ರೇಸ್ ಅನ್ನು ಕಾಯ್ತಾ ಕೂರಬೇಡಿ, ಬರಿಸಿ. ಟಿಎಕ್ಸ್ ರಿಂಗನ್ನು 32ಕ್ಕೆ ಇಳಿಸಿ, ಆಗ ಎಬ್ಬಿಸುವ ಮಿತಿ 24 ಇಡಿ. ಇಂಟರಪ್ಟ್ ಒಂದು ಸಿಪಿಯುವಿಗೆ, ಐಪರ್ಫ್3 ಇನ್ನೊಂದಕ್ಕೆ ಕಟ್ಟಿ, ಸಣ್ಣ ಯುಡಿಪಿ ಪ್ಯಾಕೆಟ್ ಬಿಡಿ. ಜಾಗ ನೋಡುವ ಸಾಲಿಗೂ ಕ್ಯೂ ನಿಲ್ಲಿಸುವ ಸಾಲಿಗೂ ನಡುವೆ 300 ಮೈಕ್ರೋಸೆಕೆಂಡಿನ ಯುಡಿಲೇ (ಅಷ್ಟು ಹೊತ್ತು ಕಾಯಿಸುವ ಕರೆ) ಹಾಕಿ. ಸ್ಟಾಪ್–ವೇಕ್ ರೇಸೇ ಆಗಿದ್ದರೆ ಬಹಳ ಬೇಗ ನಿಲ್ತದೆ. ಬ್ಯಾರಿಯರ್ ಮತ್ತು ಎರಡನೇ ಪರಿಶೀಲನೆ ಸೇರಿಸಿದ ಮೇಲೆ ಯುಡಿಲೇ ಹಾಗೆಯೇ ಇಟ್ಟು ಒಂದು ರಾತ್ರಿ ಓಡಿಸಿ. ಆಗಲೂ ನಿಲ್ಲದಿದ್ದರೆ ಯುಡಿಲೇ ತೆಗೆದು, ರಿಂಗು 256ಕ್ಕೆ ಏರಿಸಿ ಪುನಃ ನೋಡಿ. ನಿಂತರೆ ಟೈಮ್‌ಔಟ್‌ನಲ್ಲಿ ಬಂದ ಅಂಕಿಗಳನ್ನೂ ನಿಮ್ಮ ಎಕ್ಸ್‌ಮಿಟ್, ಪೋಲ್ ಫಂಕ್ಷನ್ನುಗಳನ್ನೂ ಇಲ್ಲಿ ಹಾಕಿ, ನೋಡಿ ಹೇಳ್ತೇನೆ.