ಫುಟ್‌ಬಾಲ್ ಪಂದ್ಯದಲ್ಲಿ ತವರಿನಲ್ಲಿ 1-3 ಸೋತಿದ್ದೇವೆ. ಗೋಲು ಹೊಡೆಯುವವರಿಲ್ಲ, ಹೊಸ ಸ್ಟ್ರೈಕರ್ ಬೇಕು. ಎರಡನೇ ಲೆಗ್‌ನಲ್ಲಿ (ಅವರ ಮೈದಾನದ ಮರುಪಂದ್ಯ, ಎರಡರ ಗೋಲೂ ಕೂಡಿಸಿ ಲೆಕ್ಕ) ಮೊದಲ ನಿಮಿಷದಿಂದಲೇ ಮುಗಿಬೀಳಬೇಕಲ್ಲವೇ?

ಬೇಡ. ನಿಮ್ಮ ಸ್ಕೋರು ನೋಡಿದ ಕೂಡಲೇ ನನಗೆ ನೆನಪಾದದ್ದು 2015ರ ಫೆಬ್ರವರಿ 25, ಲಂಡನ್ನಿನ ಎಮಿರೇಟ್ಸ್ ಮೈದಾನ. ಆರ್ಸೆನಲ್ 1, ಮೊನಾಕೊ 3. ಆವತ್ತು ನಾನೂ ನಿಮ್ಮ ಹಾಗೆಯೇ 'ಗೋಲು ಹೊಡೆಯುವವರಿಲ್ಲ, ಅದಕ್ಕೇ ಸೋತೆವು' ಎಂದುಕೊಂಡಿದ್ದೆ. ತಪ್ಪು ಲೆಕ್ಕ.

ಅದು ಯುರೋಪಿನ ಕ್ಲಬ್‌ಗಳ ಟೂರ್ನಿ ಚಾಂಪಿಯನ್ಸ್ ಲೀಗ್‌ನ 16ರ ಘಟ್ಟ. ಮೊನಾಕೊ ಗುಂಪು ಹಂತದ ಆರು ಪಂದ್ಯಗಳಲ್ಲಿ ಹೊಡೆದದ್ದು ನಾಲ್ಕೇ ಗೋಲು, ಬಿಟ್ಟುಕೊಟ್ಟದ್ದು ಒಂದೇ. ಕಾದು ಕೂತು ಹೊಡೆಯುವ ತಂಡ ಅಂತ ಅದರಲ್ಲೇ ಗೊತ್ತಾಗುತ್ತಿತ್ತು. 38ನೇ ನಿಮಿಷದಲ್ಲಿ ಮೊನಾಕೊದ ಕೊಂಡೊಗ್ಬಿಯಾ ದೂರದಿಂದ ಒದ್ದ ಚೆಂಡು ಆರ್ಸೆನಲ್ ಡಿಫೆಂಡರ್ ಮೆರ್ಟೆಸಾಕರ್‌ಗೆ ತಗುಲಿ, ದಿಕ್ಕು ತಪ್ಪಿ ಒಳಗೆ ಹೋಯಿತು. ಅದು ಗ್ರಹಚಾರ, ಬಿಡಿ. 53ರಲ್ಲಿ ಮೊನಾಕೊದ ಬೆರ್ಬಟೊವ್ ಪ್ರತಿದಾಳಿಯಲ್ಲಿ ಹೊಡೆದದ್ದು ಗ್ರಹಚಾರವಲ್ಲ, ಆರ್ಸೆನಲ್‌ಗೆ ಹಿಂದೆ ಜನ ಇರಲಿಲ್ಲ. 68ರಲ್ಲಿ ಆರ್ಸೆನಲ್‌ನವರು ಡಿಫೆನ್ಸ್ ಮುಂದೆ ಕಾವಲಿದ್ದ ಕೊಕ್ಲಾನ್‌ನನ್ನೇ ತೆಗೆದು ಆಕ್ಸ್‌ಲೇಡ್-ಚೇಂಬರ್ಲೇನ್‌ನನ್ನು ಇಳಿಸಿದರು. 90+1ರಲ್ಲಿ, ಅಂದರೆ 90 ಮುಗಿದ ಮೇಲೆ ಸೇರಿಸಿದ ಮೊದಲ ನಿಮಿಷದಲ್ಲಿ, ಚೇಂಬರ್ಲೇನ್ ಗೋಲನ್ನೂ ಹೊಡೆದ. 1-2.

ಎಡವಟ್ಟಾದದ್ದು ಇಲ್ಲೇ. ಉಳಿದಿರುವುದು ಮೂರ್ನಾಲ್ಕು ನಿಮಿಷ. 1-2ಕ್ಕೆ ಸುಮ್ಮನಾಗಿದ್ದರೆ, ಮೊನಾಕೊಗೆ ಹೋಗಿ 2-0 ಗೆದ್ದರೆ ಸಾಕು, ಒಟ್ಟು 3-2. ಆದರೆ 2-2ರ ಆಸೆಗೆ ಎಲ್ಲರೂ ಮುಂದೆ. 90+4ರಲ್ಲಿ ಖಾಲಿ ಬಿದ್ದ ಜಾಗದಲ್ಲಿ ಓಡಿ ಬಂದ ಮೊನಾಕೊದ ಕರಾಸ್ಕೊ ಮೂರನೆಯದನ್ನು ಹೊಡೆದ. ಮಾರ್ಚ್ 17ರಂದು ಆರ್ಸೆನಲ್ ಅಲ್ಲಿ ಗೆದ್ದದ್ದು ಸರಿಯಾಗಿ 2-0: ಜಿರೂ 36ರಲ್ಲಿ, ರ‍್ಯಾಮ್ಸಿ 79ರಲ್ಲಿ. ಒಟ್ಟು 3-3. ಸಮವಾದರೆ ಎದುರಾಳಿ ಮೈದಾನದಲ್ಲಿ ಹೆಚ್ಚು ಗೋಲು ಹೊಡೆದವರು ಮುಂದಕ್ಕೆ ಎಂಬುದು ಆಗಿನ ನಿಯಮ; ಆ ಗೋಲು ಮೊನಾಕೊದ್ದು ಮೂರು, ಆರ್ಸೆನಲ್‌ದು ಎರಡು. ಮನೆಗೆ. ತಮಾಷೆಯೆಂದರೆ 2013ರಲ್ಲಿ ಬಯರ್ನ್ ಮ್ಯೂನಿಕ್ ವಿರುದ್ಧವೂ ತವರಿನಲ್ಲಿ 1-3, ಅಲ್ಲಿ 2-0, ಮನೆಗೆ. ಎರಡು ವರ್ಷದಲ್ಲಿ ಅದೇ ಗುಂಡಿಗೆ ಎರಡು ಸಲ!

ಹಾಗಾಗಿ ಹೊಸ ಸ್ಟ್ರೈಕರ್ ಬೇಕೆಂಬ ನಿಮ್ಮ ವಾದ ಪಕ್ಕಕ್ಕಿಡಿ. ನೋಡಬೇಕಾದದ್ದು ಚೆಂಡು ನಮ್ಮ ಕಾಲಲ್ಲಿದ್ದಾಗ ಹಿಂದೆ ಯಾರು ನಿಂತಿದ್ದಾರೆ ಎಂಬುದನ್ನು. ಎರಡೂ ಫುಲ್‌ಬ್ಯಾಕ್‌ಗಳು (ಅಂಚಿನ ಡಿಫೆಂಡರ್‌ಗಳು) ಒಟ್ಟಿಗೆ ಮೇಲೇರಬಾರದು. ಒಬ್ಬ ಏರಿದರೆ ಇನ್ನೊಬ್ಬ ಒಳಗೆ ಸರಿದು ನಡುವಿನ ಇಬ್ಬರು ಡಿಫೆಂಡರ್‌ಗಳಾದ ಸೆಂಟರ್‌ಬ್ಯಾಕ್‌ಗಳ ಜೊತೆ ಮೂರನೆಯವನಾಗಬೇಕು, ಅವರ ಮುಂದೆ ಇಬ್ಬರು ಮಿಡ್‌ಫೀಲ್ಡರ್‌ಗಳು. ಒಟ್ಟು ಐದು ಜನ, 90ನೇ ನಿಮಿಷದಲ್ಲೂ ಅಷ್ಟೇ. ಚೆಂಡು ಕಳೆದುಕೊಂಡರೆ ಹತ್ತಿರದವನು ಐದು ಸೆಕೆಂಡು ಮೈಮೇಲೆ ಬೀಳಬೇಕು. ಸಿಗಲಿಲ್ಲವೋ, ಅವರ ಅರ್ಧದಲ್ಲೇ ಅಂಗಿ ಹಿಡಿದು ಫೌಲ್. ಹಳದಿ ಕಾರ್ಡ್ ಗೋಲಿಗಿಂತ ಅಗ್ಗ. ಆಗಲೇ ಹಳದಿ ಇದ್ದವನು ಮಾತ್ರ ಈ ಕೆಲಸಕ್ಕೆ ಕೈಹಾಕಬಾರದು, ಹತ್ತು ಜನರಾದರೆ ಕಥೆ ಮುಗಿಯಿತು. ಕಾರ್ನರ್‌ನಲ್ಲಿ ಎದುರಾಳಿ ಮುಂದೆ ಇಬ್ಬರನ್ನು ಬಿಟ್ಟರೆ ನಾವು ಹಿಂದೆ ಮೂವರು, ಒಬ್ಬನನ್ನು ಬಿಟ್ಟರೆ ಇಬ್ಬರು. ಬಾಕ್ಸ್ ಅಂಚಿನಲ್ಲಿ ವಾಪಸ್ ಬರುವ ಚೆಂಡಿಗೆ ಇನ್ನೊಬ್ಬ ಬೇರೆ. ಗೋಲು ಬೇಕೆಂದು ಫಾರ್ವರ್ಡ್ ಇಳಿಸುವುದಾದರೆ ಅಂಚಿನಲ್ಲಿ ದಾಳಿ ಮಾಡುವ ವಿಂಗರ್‌ನನ್ನು ತೆಗೆಯಿರಿ, ಕಾವಲು ಮಿಡ್‌ಫೀಲ್ಡರ್‌ನನ್ನು ಅಲ್ಲ.

ಇನ್ನೊಂದು ಮಾತು, ಎದುರಾಳಿ ಮೈದಾನದ ಗೋಲಿಗೆ ಹೆಚ್ಚು ಬೆಲೆ ಕೊಡುವ ನಿಯಮ ಯುರೋಪಿನ ಕ್ಲಬ್ ಟೂರ್ನಿಗಳಲ್ಲಿ 2021-22ರಿಂದ ಇಲ್ಲ. ನಿಮ್ಮ 1-3 ಈಗ ಬರೀ ಎರಡು ಗೋಲಿನ ಸಾಲ. ಅಲ್ಲಿ 2-0 ಗೆದ್ದರೆ 30 ನಿಮಿಷ ಹೆಚ್ಚುವರಿ ಆಟ, ಆಮೇಲೆ ಪೆನಾಲ್ಟಿ. ಹಾಗಾಗಿ 60ನೇ ನಿಮಿಷಕ್ಕೆ 0-0 ಇದ್ದರೂ ಗಾಬರಿ ಬೇಡ, ಹೊಸ ಕಾಲುಗಳನ್ನು ಇಳಿಸುವ ಹೊತ್ತು ಅದು. ನಿಜವಾದ ಅಪಾಯ ಇಪ್ಪತ್ತನೇ ನಿಮಿಷದಲ್ಲಿ ಪ್ರತಿದಾಳಿಗೆ ಸಿಕ್ಕಿ ಸಾಲ ಮೂರಾಗುವುದು.

ಟಿವಿ ಮುಂದೆ ಕೂತಾಗ ನಿಮ್ಮ ತಂಡಕ್ಕೆ ಮೊದಲ ಕಾರ್ನರ್ ಸಿಕ್ಕರೆ ಚೆಂಡನ್ನು ನೋಡಬೇಡಿ, ಮಧ್ಯಗೆರೆ ಹತ್ತಿರ ನಿಮ್ಮವರು ಎಷ್ಟಿದ್ದಾರೆ ಎಣಿಸಿ. ಒಬ್ಬನೇ ಕಂಡರೆ ಕೋಚ್ ಮೊದಲ ಲೆಗ್‌ನ ವಿಡಿಯೊ ನೋಡಿಲ್ಲ ಅಂತಲೇ ಲೆಕ್ಕ.