ತಮ್ಮ ಟ್ರೆಕ್ ಲೀಡರ್ ಆಗುತ್ತೇನೆ ಅಂತಿದ್ದಾನೆ. ಆ ಕೆಲಸ ಮಾಡುವವರು ಹೇಗಿರುತ್ತಾರೆ?

ನಿಮ್ಮ ತಮ್ಮ ಬೆಂಗಳೂರಿನ ಐಟಿ ಕೆಲಸ ಬಿಟ್ಟು ಟ್ರೆಕ್ ಲೀಡರ್ ಆಗಬೇಕು ಅಂತಿದ್ದಾನೆ, ಅದಕ್ಕೆ ಎಂಥ ಸ್ವಭಾವ ಬೇಕು, ಹೊಟ್ಟೆಪಾಡು ಹೇಗೆ ಅಂತ ಕೇಳಿದ್ದೀರಿ. ನಾನು ಆರು ವರ್ಷ ಇದೇ ಕೆಲಸ ಮಾಡಿದ್ದೇನೆ. ಈಗಲೂ ತಿಂಗಳಲ್ಲಿ ಎರಡು ವಾರಾಂತ್ಯ ಹೋಗುತ್ತೇನೆ.

ಶುಕ್ರವಾರ ರಾತ್ರಿ ಹತ್ತಕ್ಕೆ ಮೆಜೆಸ್ಟಿಕ್ ಹತ್ತಿರ ಟೆಂಪೋ ಟ್ರಾವೆಲರ್ ನಿಂತಿರುತ್ತದೆ. ಪಟ್ಟಿ ಹಿಡಿದು ತಲೆ ಎಣಿಸಬೇಕು. ಒಬ್ಬರು ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿರುತ್ತಾರೆ, ಇನ್ನೊಬ್ಬರು ಯಶವಂತಪುರದಲ್ಲಿ ಹತ್ತುತ್ತೇನೆ ಅಂತಾರೆ. ಎಲ್ಲರೂ ಮಲಗಿದ ಮೇಲೆ ಡ್ರೈವರ್‌ಗೆ ನಿದ್ದೆ ಹತ್ತದ ಹಾಗೆ ಪಕ್ಕದಲ್ಲಿ ಕೂತು ಮಾತಾಡಿಸುವುದೂ ಲೀಡರ್ ಕೆಲಸವೇ. ಬೆಳಗ್ಗೆ ಕಳಸದ ಕಡೆ ಇಳಿದು, ಜೀಪಿನಲ್ಲಿ ಮುಳ್ಳೋಡಿ ಅನ್ನುವ ಹಳ್ಳಿ ಸೇರಿದರೆ ಕುದುರೆಮುಖದ ನಡಿಗೆ ಶುರು. ಹೋಗಿ ಬರಲು ಸುಮಾರು 20 ಕಿಲೋಮೀಟರ್. ಸೋಮವಾರ ಬೆಳಗಿನ ಜಾವ ಮತ್ತೆ ಮೆಜೆಸ್ಟಿಕ್.

ಕಾಲು ಗಟ್ಟಿ ಇದ್ದರೆ ಸಾಕು ಅಂತ ಜಾಸ್ತಿ ಜನ ಅಂದುಕೊಳ್ಳುತ್ತಾರೆ. ಮುಂದೆ ನಡೆಯುವವರಿಗೆ ಲೀಡ್ ಅಂತಾರೆ, ಎಲ್ಲರಿಗಿಂತ ಕೊನೆಗೆ ಬರುವವರಿಗೆ ಸ್ವೀಪ್. ಲೀಡ್ ಮಾಡುವುದು ಸುಲಭ. ಸ್ವೀಪ್‌ಗೆ ತಾಳ್ಮೆ ಬೇಕು. ಹಿಂದೆ ಬಿದ್ದವರಿಗೆ ಮೊದಲೇ ನಾಚಿಕೆಯಾಗಿರುತ್ತದೆ. 'ಬೇಗ ಬನ್ನಿ' ಅಂದರೆ ಇನ್ನಷ್ಟು ಕುಗ್ಗುತ್ತಾರೆ. ಅವರ ಉಸಿರು ಗಮನಿಸಿ, ಶೂ ಲೇಸ್ ಕಟ್ಟುವ ನೆಪದಲ್ಲಿ ತಾನೇ ಕೂತುಬಿಡುವವನು ಒಳ್ಳೆಯ ಸ್ವೀಪ್.

ಇನ್ನು ಸ್ಥಳೀಯ ಗೈಡ್‌ಗಳು. ನಮಗೆಲ್ಲ ನಿಜವಾದ ಗುರುಗಳು ಅವರು. ಮಾತು ಕಮ್ಮಿ. ನೀವು ತಿಂಡಿ ತಿನ್ನುವಾಗಲೇ ನಿಮ್ಮ ಶೂ ನೋಡಿಕೊಂಡಿರುತ್ತಾರೆ. ಇಂಬಳ, ಅಂದರೆ ರಕ್ತ ಹೀರುವ ಜಿಗಣೆ, ಹತ್ತದಿರಲಿ ಅಂತ ನಾವು ನೂರಾರು ರೂಪಾಯಿಯ ಕಾಲುಚೀಲ ಹಾಕಿಕೊಂಡು ಹೋದರೆ, ಅವರ ಜೇಬಿನಲ್ಲಿ ಒಂದು ಚಿಟಿಕೆ ಉಪ್ಪು, ಸ್ವಲ್ಪ ಹೊಗೆಸೊಪ್ಪು ಇರುತ್ತದೆ.

ಒಂದು ಜುಲೈನಲ್ಲಿ ಹದಿನಾಲ್ಕು ಜನರನ್ನು ಕುದುರೆಮುಖಕ್ಕೆ ಕರೆದುಕೊಂಡು ಹೋಗಿದ್ದೆ. ಹಳ್ಳದಲ್ಲಿ ನೀರು ಪಾದ ಮುಳುಗುವಷ್ಟೇ ಇತ್ತು. ನಾವಿದ್ದ ಕಡೆ ಮಳೆಯೂ ನಿಂತಿತ್ತು. ಗೈಡ್ ದಂಡೆಯಲ್ಲೇ ನಿಂತುಬಿಟ್ಟರು. ಬಗ್ಗಿ ನೀರು ನೋಡಿದರು. ತಿಳಿಯಾಗಿದ್ದ ನೀರು ಚಹಾದ ಬಣ್ಣಕ್ಕೆ ತಿರುಗುತ್ತಿತ್ತು, ಹಸಿ ಎಲೆಗಳು ತೇಲಿ ಬರುತ್ತಿದ್ದವು. ಮೇಲೆ ಜೋರು ಮಳೆ ಅಂತ ಅರ್ಥ. ಜನ ದುಡ್ಡು ಕೊಟ್ಟು ಬಂದಿದ್ದಾರೆ, ಇನ್ನು ಸ್ವಲ್ಪ ದೂರ ಹೋಗೋಣ ಅಂತ ನಾನೇ ಒತ್ತಾಯ ಮಾಡಿದೆ. ಅವರು ದನಿ ಏರಿಸಲಿಲ್ಲ. "ಹೋಗದಾದ್ರೆ ಹೋಗಿ ಸಾರ್. ವಾಪಸ್ ಬರದು ನಾಳೆ" ಅಂದರು. ವಾಪಸ್ ತಿರುಗಿದೆವು. ಮುಳ್ಳೋಡಿಗೆ ಬರುವ ದಾರಿಯಲ್ಲಿ, ಬೆಳಗ್ಗೆ ಹಾರಿ ದಾಟಿದ್ದ ಇನ್ನೊಂದು ತೊರೆಯನ್ನು ಹಗ್ಗ ಹಿಡಿದು, ಸೊಂಟದ ನೀರಿನಲ್ಲಿ ದಾಟಬೇಕಾಯಿತು. ಕೈ ಹಿಡಿದು ದಾಟಿಸುವಾಗ ಒಬ್ಬ ಹುಡುಗಿಯ ಬೆರಳು ನಡುಗುತ್ತಿದ್ದದ್ದು ನನಗೆ ಈಗಲೂ ನೆನಪಿದೆ.

ಹದಿನಾಲ್ಕು ಜನರ ಮುಖ ಸಪ್ಪಗಾದರೂ 'ಸಾಕು, ಇಳಿಯೋಣ' ಅನ್ನುವ ಸ್ವಭಾವ ನಿಮ್ಮ ತಮ್ಮನಿಗೆ ಇದೆಯಾ? ಅದನ್ನೇ ಮೊದಲು ನೋಡಿ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರ ತಾಲ್ ಹಾದಿಯಲ್ಲಿ ಹಿಮಗಾಳಿಗೆ ಸಿಕ್ಕಿ, ಕರ್ನಾಟಕದಿಂದ ಹೋದ ತಂಡದ 9 ಜನ ತೀರಿಕೊಂಡರು. ಆ ವಾರ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಯಾರೂ ಒಂದು ಫೋಟೋ ಹಾಕಲಿಲ್ಲ.

ಹಿಮಾಲಯಕ್ಕೆ ಜನರನ್ನು ಕರೆದುಕೊಂಡು ಹೋಗುವ ಆಸೆ ಇದ್ದರೆ ತರಬೇತಿ ಇಲ್ಲದೆ ಹೋಗಲೇಬಾರದು. ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆ, ಡಾರ್ಜಿಲಿಂಗ್‌ನ ಸಂಸ್ಥೆ ಎರಡರಲ್ಲೂ ಸುಮಾರು ನಾಲ್ಕು ವಾರದ ಬೇಸಿಕ್ ಕೋರ್ಸ್ ಇದೆ. 2,500 ಮೀಟರ್ ದಾಟಿದ ಮೇಲೆ ಎತ್ತರದ ಕಾಯಿಲೆ ಯಾರಿಗೆ ಬೇಕಾದರೂ ಬರಬಹುದು, ಗಟ್ಟಿಮುಟ್ಟಾದವರಿಗೂ. ತಲೆನೋವು, ವಾಂತಿ ಅಂದರೆ ಅಲ್ಲಿಂದ ಮೇಲಕ್ಕೆ ಹತ್ತಿಸಬಾರದು. ಅನುಮಾನ ಬಂದರೆ ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಹೆಬ್ಬೆರಳು ತಾಗಿಸುತ್ತಾ ನೇರ ಗೆರೆಯ ಮೇಲೆ ನಡೆಸಿ ನೋಡುತ್ತೇವೆ. ತೂರಾಡಿದರೆ ರಾತ್ರಿಯಾದರೂ ಸರಿ, ಇಳಿಸಲೇಬೇಕು.

ದುಡ್ಡಿನ ವಿಷಯ ಮುಚ್ಚಿಡುವುದಿಲ್ಲ. ತಿಂಗಳ ಸಂಬಳ ಸಿಗುವವರು ಕಮ್ಮಿ, ಹೋದಷ್ಟು ದಿನಕ್ಕೆ ಕಾಸು. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ ಅರಣ್ಯ ಇಲಾಖೆ ಎಷ್ಟೋ ಹಾದಿ ಮುಚ್ಚುತ್ತದೆ, ಆಗ ಕೈ ಖಾಲಿ. 2024ರ ಜನವರಿಯಲ್ಲಿ ಕುಮಾರ ಪರ್ವತದ ಜನಜಂಗುಳಿ ಸುದ್ದಿಯಾದ ಮೇಲೆ ಆನ್‌ಲೈನ್ ಟಿಕೆಟ್, ದಿನಕ್ಕೆ 300 ಜನರ ಮಿತಿ ಬಂತು. ಟಿಕೆಟ್ ಸಿಗದಿದ್ದರೆ ಆ ವಾರದ ಸಂಪಾದನೆ ಇಲ್ಲ. ಬೆಟ್ಟಕ್ಕೆ ಅದು ಒಳ್ಳೆಯದೇ, ನಾನು ಬೇಡ ಅನ್ನುವುದಿಲ್ಲ.

ಕೆಲಸಕ್ಕೆ ರಾಜೀನಾಮೆ ಕೊಡುವ ಮುಂಚೆ ಮಳೆಗಾಲದ ನಾಲ್ಕು ವಾರಾಂತ್ಯ ಅವನು ಯಾವುದಾದರೂ ತಂಡದ ಜೊತೆ ಸ್ವೀಪ್ ಆಗಿ ಹೋಗಿ ಬರಲಿ. ಸೋಮವಾರ ಬೆಳಗ್ಗೆ ಒದ್ದೆ ಶೂ ಬಿಚ್ಚುವಾಗ ಸುಮ್ನೆ ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳಿ. ಮಂಜಿನ ಮಾತೇ ಆಡುತ್ತಾನೋ, ಹಿಂದೆ ಬಿದ್ದವರು ಹೇಗೆ ಬಂದರು ಅನ್ನುವುದನ್ನೂ ಹೇಳುತ್ತಾನೋ ನೋಡಿ.