ಕ್ಲಿಪ್ಸ್‌ನಲ್ಲಿ ಎಣಿಕೆ: ಆ ಕೌಂಟರ್ ಫ್ಯಾಕ್ಟ್ ತೆಗೆದುಹಾಕಿ

ಕ್ಲಿಪ್ಸ್‌ನಲ್ಲಿ (ಫ್ಯಾಕ್ಟ್, ಅಂದರೆ ಮಾಹಿತಿ ತುಣುಕುಗಳ ಮೇಲೆ ರೂಲ್ ಓಡಿಸುವ ಭಾಷೆ) ಕೆಟ್ಟ ಸೆನ್ಸರ್ ಎಣಿಸಲು ಬರೆದ ರೂಲ್ ಲೂಪ್‌ಗೆ ಬಿದ್ದು ನಿಲ್ಲುತ್ತಿಲ್ಲ ಅಂತ ಕೇಳಿದ್ದೀರಿ. ಸೇಲಿಯನ್ಸ್ (ರೂಲ್‌ನ ಆದ್ಯತೆ) ಏರಿಸಿದರೆ ಲೂಪ್ ನಿಲ್ಲುತ್ತದೆ ಅಂತ ಮೇಲೆ ಇಬ್ಬರು ಹೇಳಿದ್ದಾರೆ. ನಿಲ್ಲಲ್ಲ. ಅಜೆಂಡಾದಲ್ಲಿ, ಅಂದರೆ ಓಡಲು ಕಾದಿರುವ ರೂಲ್‌ಗಳ ಪಟ್ಟಿಯಲ್ಲಿ, ಯಾರು ಮುಂದೆ, ಯಾರು ಹಿಂದೆ ಅನ್ನೋದಷ್ಟೇ ಸೇಲಿಯನ್ಸ್ ಕೆಲಸ.

ನಿಮ್ಮ ರೂಲ್ ನೋಡಿದೆ. ಸ್ಟೇಟಸ್ 'ಬ್ಯಾಡ್' ಇರುವ ಸೆನ್ಸರ್ ಫ್ಯಾಕ್ಟ್ ಒಂದು, ಕೌಂಟ್ ಫ್ಯಾಕ್ಟ್ ಒಂದು. ಎರಡೂ ಸಿಕ್ಕರೆ ಹಳೇ ಕೌಂಟ್ ರಿಟ್ರ್ಯಾಕ್ಟ್ (ಅಳಿಸುವುದು), ಒಂದು ಕೂಡಿಸಿ ಹೊಸದು ಅಸರ್ಟ್ (ಸೇರಿಸುವುದು). ಈ ಹೊಸ ಕೌಂಟ್ ಕ್ಲಿಪ್ಸ್ ಪಾಲಿಗೆ ಇದುವರೆಗೆ ನೋಡದೇ ಇರುವ ಫ್ಯಾಕ್ಟ್. ಹಾಗಾಗಿ ಎಣಿಸಿ ಆದ ಸೆನ್ಸರ್ ಕೂಡ ಅದರ ಜೊತೆ ಮತ್ತೆ ಮ್ಯಾಚ್ ಆಗುತ್ತದೆ. ಒಂದೇ ಸೆನ್ಸರ್ ಇದ್ದರೂ ಸಂಖ್ಯೆ ಏರುತ್ತಲೇ ಇರುತ್ತದೆ. ಒಮ್ಮೆ ವಾಚ್ ಫ್ಯಾಕ್ಟ್ಸ್ (ಫ್ಯಾಕ್ಟ್ ಬಂದು ಹೋಗುವುದನ್ನು ತೋರಿಸುವ ಆಜ್ಞೆ) ಹಾಕಿ, ರನ್‌ಗೆ 20 ಅಂತ ಮಿತಿ ಕೊಟ್ಟು ನೋಡಿ. ಸುಮ್ನೆ ರನ್ ಒತ್ತಿ ಕೂತರೆ ಏನೂ ತಿಳಿಯಲ್ಲ.

ಪ್ರತಿ ಸೆನ್ಸರ್‌ಗೂ 'ಎಣಿಸಿದೆ' ಅಂತ ಸ್ಲಾಟ್ (ಫ್ಯಾಕ್ಟ್ ಒಳಗಿನ ಖಾನೆ) ಇಟ್ಟು ಮಾಡಿಫೈ ಮಾಡೋದು ಇನ್ನೊಂದು ದಾರಿ. ಲೂಪ್ ನಿಲ್ಲುತ್ತದೆ, ನಿಜ. ಆದರೆ ನಾಳೆ ಸೆನ್ಸರ್ ಸರಿಯಾದರೆ ಕೌಂಟ್ ಇಳಿಸೋರು ಯಾರು? ಅದಕ್ಕೊಂದು ರೂಲ್, ಫ್ಯಾಕ್ಟ್ ಅಳಿಸಿದರೆ ಇನ್ನೊಂದು ರೂಲ್. ಬೇಡ ಬಿಡಿ.

ನಾನು ಮಾಡೋದು ಹೀಗೆ. ಫೇಸ್ ಅಂತ ಒಂದು ಫ್ಯಾಕ್ಟ್ ಇಡುತ್ತೇನೆ: ಮೊದಲು ಓದುವ ಹಂತ, ಆಮೇಲೆ ಎಣಿಸುವ ಹಂತ. ಸೇಲಿಯನ್ಸ್ ಮೈನಸ್ 10 ಇರುವ ರೂಲ್ ಒಂದು, ಬೇರೆ ಕೆಲಸ ಎಲ್ಲ ಮುಗಿದ ಮೇಲೆ ಹಂತ ಬದಲಿಸುತ್ತದೆ. ಎಣಿಸುವ ರೂಲ್‌ನ ಎಡಗಡೆ (ಷರತ್ತಿನ ಭಾಗ) ಫೇಸ್ ಒಂದೇ. ಬಲಗಡೆ (ಕೆಲಸದ ಭಾಗ) ಫೈಂಡ್-ಆಲ್-ಫ್ಯಾಕ್ಟ್ಸ್‌ನಿಂದ ಬ್ಯಾಡ್ ಇರುವುದನ್ನೆಲ್ಲ ಹುಡುಕಿ, ಪಟ್ಟಿಯ ಉದ್ದ ಹೇಳುವ ಲೆಂಗ್ತ್-ಡಾಲರ್‌ಗೆ ಕೊಟ್ಟರೆ ಮುಗಿಯಿತು. 3ಕ್ಕಿಂತ ಜಾಸ್ತಿ ಬಂತಾ, ಅಲಾರ್ಮ್ ಅಸರ್ಟ್ ಮಾಡಿ. ಹಳೇ ಅಲಾರ್ಮ್ ಇದ್ದರೆ ಮೊದಲು ತೆಗೆಯಿರಿ, ಇದನ್ನು ಎಲ್ಲರೂ ಮರೆಯುತ್ತಾರೆ.

ಈಗ ಮುಖ್ಯ ವಿಷಯ. ಇದನ್ನು ಓದಿ ಯಾರೋ ಒಬ್ಬರು ಅದೇ ಲೆಂಗ್ತ್-ಡಾಲರ್ ಸಾಲನ್ನು ಎಡಗಡೆ ಟೆಸ್ಟ್ (ಲೆಕ್ಕ ಹಾಕಿ ನೋಡುವ ಷರತ್ತು) ಒಳಗೆ ತುರುಕುತ್ತಾರೆ, ಬರೆದು ಇಟ್ಟುಕೊಳ್ಳಿ. ದಯವಿಟ್ಟು ಬೇಡ! ರೀಟೆ (ಕ್ಲಿಪ್ಸ್ ರೂಲ್‌ಗಳಿಗೆ ಫ್ಯಾಕ್ಟ್ ಮ್ಯಾಚ್ ಮಾಡುವ ವಿಧಾನ) ಇರೋದೇ ಎಲ್ಲವನ್ನೂ ಪದೇ ಪದೇ ಲೆಕ್ಕ ಹಾಕಬಾರದು ಅಂತ. ಟೆಸ್ಟ್‌ನ ಹಿಂದಿರುವ ಪ್ಯಾಟರ್ನ್‌ಗೆ ಹೊಸ ಫ್ಯಾಕ್ಟ್ ಬಂದಾಗ ಮಾತ್ರ ಅದನ್ನು ನೋಡುತ್ತದೆ. ಡೆಫ್‌ಫ್ಯಾಕ್ಟ್ಸ್‌ನಲ್ಲಿ (ರಿಸೆಟ್ ಆದಾಗ ಸೇರುವ ಆರಂಭದ ಫ್ಯಾಕ್ಟ್‌ಗಳ ಪಟ್ಟಿ) ಫೇಸ್ ಸಾಲು ಮೇಲೆ, ಐದು ಬ್ಯಾಡ್ ಸೆನ್ಸರ್ ಕೆಳಗೆ ಇದೆ ಅಂದುಕೊಳ್ಳಿ. ರಿಸೆಟ್ ಆದಾಗ ಫೇಸ್ ಮೊದಲು ಒಳಗೆ ಬರುತ್ತದೆ, ಆ ಹೊತ್ತಿಗೆ ಸೆನ್ಸರ್ ಸೊನ್ನೆ, ಟೆಸ್ಟ್ ಫೇಲ್. ಆಮೇಲೆ ಐದೂ ಬಂದರೂ ಆ ಕಡೆ ಯಾರೂ ತಿರುಗಿ ನೋಡಲ್ಲ. ಅದೇ ಫೇಸ್ ಸಾಲನ್ನು ಕೆಳಗೆ ಇಳಿಸಿ, ರೂಲ್ ಫೈರ್ ಆಗುತ್ತದೆ. 'ಸಾಲು ಬದಲಿಸಿದೆ, ಸರಿಹೋಯ್ತು' ಅಂತ ಬರೆಯೋರ ಕೋಡ್ ಎಲ್ಲ ಇದೇ ಜಾತಿ. ಸರಿಹೋಗಿಲ್ಲ ಸ್ವಾಮಿ, ಮುಂದಿನ ಸೆನ್ಸರ್ ಬದಲಾದಾಗ ಮತ್ತೆ ಕೈಕೊಡುತ್ತದೆ.

'ಕನಿಷ್ಠ 3' ಅಂತ ಗೊತ್ತಿರುವ ಸಣ್ಣ ಸಂಖ್ಯೆ ಆದರೆ ಎಣಿಸುವುದೇ ಬೇಡ. ಐಡಿ ಬೇರೆ ಬೇರೆ ಇರುವ ಮೂರು ಸೆನ್ಸರ್ ಪ್ಯಾಟರ್ನ್ ಬರೆದು ಎಕ್ಸಿಸ್ಟ್ಸ್ (ಒಂದು ಮ್ಯಾಚ್ ಸಿಕ್ಕರೂ ಸಾಕು ಅನ್ನುವ ಷರತ್ತು) ಒಳಗೆ ಹಾಕಿ. ಎಕ್ಸಿಸ್ಟ್ಸ್ ಬಿಟ್ಟರೆ, ಐಡಿ ಬೇರೆ ಬೇರೆ ಇರಬೇಕು ಅಂತ ಮಾತ್ರ ಹೇಳಿದರೆ, 10 ಬ್ಯಾಡ್ ಸೆನ್ಸರ್‌ಗೆ 720 ಆಕ್ಟಿವೇಶನ್, ಅಂದರೆ ರೂಲ್ ಅಜೆಂಡಾಕ್ಕೆ ಅಷ್ಟು ಸಲ ಸೇರುತ್ತದೆ. ಐಡಿ ಏರಿಕೆ ಕ್ರಮದಲ್ಲಿ ಇರಲಿ ಅಂದರೂ 120. ಎಕ್ಸಿಸ್ಟ್ಸ್ ಹಾಕಿದರೆ ಒಂದೇ, ಮತ್ತು ಎರಡಕ್ಕೆ ಇಳಿದರೆ ಅಜೆಂಡಾದಿಂದ ತಾನೇ ಹೋಗುತ್ತದೆ. ಆದರೆ ಒಳಗಿನ ಜೋಡಣೆಗಳು ಮೆಮೊರಿಯಲ್ಲಿ ಉಳಿಯುತ್ತವೆ, ಸಾವಿರಾರು ಫ್ಯಾಕ್ಟ್ ಇದ್ದರೆ ಈ ದಾರಿ ಬೇಡ.

ಎಣಿಕೆ ಕಮ್ಮಿ ಬರುತ್ತಿದೆ ಅಂತ ಕೊನೆಯಲ್ಲಿ ಕೇಳಿದ್ದೀರಿ ಅಲ್ವಾ? ಎಲ್ಲ ಸ್ಲಾಟ್ ಒಂದೇ ಇದ್ದರೆ ಎರಡನೇ ಫ್ಯಾಕ್ಟ್ ಸೇರುವುದೇ ಇಲ್ಲ, ಕ್ಲಿಪ್ಸ್ ಡೀಫಾಲ್ಟ್ ಹಾಗೆ. ಸೆಟ್-ಫ್ಯಾಕ್ಟ್-ಡುಪ್ಲಿಕೇಶನ್ ಆನ್ ಮಾಡಬಹುದು, ನಾನಂತೂ ಮಾಡಲ್ಲ. ಐಡಿಯನ್ನೋ ಸಮಯವನ್ನೋ ಸ್ಲಾಟ್‌ನಲ್ಲಿ ಇಡಿ.

ಪೈಥಾನ್‌ನಿಂದ ಓಡಿಸೋರು ಎಕ್ಸ್‌ಪರ್ಟಾ (ಕ್ಲಿಪ್ಸ್ ಮಾದರಿಯ ಪೈಥಾನ್ ಲೈಬ್ರರಿ) ಬಿಟ್ಟು, ಕ್ಲಿಪ್ಸ್ ಅನ್ನೇ ಓಡಿಸುವ ಕ್ಲಿಪ್ಸ್‌ಪೈ ಹಾಕಿ. ಪೈಥಾನ್ 3.10 ಆದಮೇಲೆ ಎಕ್ಸ್‌ಪರ್ಟಾ ಇಂಪೋರ್ಟ್ ಮಾಡುವಾಗಲೇ ಕಲೆಕ್ಷನ್ಸ್ ಮ್ಯಾಪಿಂಗ್ ಎರರ್ ಕೊಡುತ್ತದೆ. ಜಾವಾ ಬಲ್ಲವರಿಗೆ ಡ್ರೂಲ್ಸ್‌ನಲ್ಲಿ (ಜಾವಾದ ರೂಲ್ ಎಂಜಿನ್) ಅಕ್ಯುಮುಲೇಟ್ ಇದೆ, ಎಣಿಕೆ ಎಡಗಡೆಯೇ ಆಗುತ್ತದೆ, ತಾನೇ ಅಪ್‌ಡೇಟ್ ಕೂಡ. ಈ ಒಂದು ವಿಷಯದಲ್ಲಿ ಅದು ಮುಂದು, ಒಪ್ಪುತ್ತೇನೆ. ಆದರೆ ನಾಲ್ಕು ರೂಲ್‌ಗೆ ಅಷ್ಟು ದೊಡ್ಡ ಸಾಮಾನು ಯಾಕೆ?

ಇನ್ನೊಂದು. ಎಣಿಸುತ್ತಾ ಅದೇ ಫ್ಯಾಕ್ಟ್‌ಗಳನ್ನು ರಿಟ್ರ್ಯಾಕ್ಟ್ ಮಾಡುವುದಿದ್ದರೆ ಡು-ಫಾರ್-ಆಲ್-ಫ್ಯಾಕ್ಟ್ಸ್ ಬದಲು ಡಿಲೇಡ್ ಇರುವುದನ್ನು ಬಳಸಿ. ಅದು ಪಟ್ಟಿ ಪೂರ್ತಿ ಮಾಡಿಕೊಂಡು ಆಮೇಲೆ ಕೈ ಹಾಕುತ್ತದೆ. ಇಷ್ಟಾದರೂ ಆಗದಿದ್ದರೆ ಸ್ಕ್ರೀನ್‌ಶಾಟ್ ಬೇಡ, ಡೆಫ್‌ಫ್ಯಾಕ್ಟ್ಸ್ ಮತ್ತು ಅಜೆಂಡಾ ಔಟ್‌ಪುಟ್ ಟೆಕ್ಸ್ಟ್ ಆಗಿ ಹಾಕಿ.